ಬೆನ್ನು ಯಾರ ಕಡೆ? ಮೆಟಾಲಿಕಾದ ಹೊಸ ಆಲ್ಬಂ, ನಡುವಿನ ವೇದಿಕೆ ಮತ್ತು ಕಾದು ಕೂತ ಅಭಿಮಾನಿಗಳು

ಇವತ್ತು ರಾಕ್ ಸಂಗೀತದ ಬಗ್ಗೆ ಮಾತಾಡೋಣ. ರಾಕ್ ಕೇಳದವರೂ ದಯವಿಟ್ಟು ಹತ್ತು ನಿಮಿಷ ಇರಿ. ಇದರಲ್ಲಿ ಗಿಟಾರ್ ಗದ್ದಲಕ್ಕಿಂತ ಹೆಚ್ಚಾಗಿ ಇರೋದು, ಮೆಚ್ಚಿದವರ ಹೊಸ ಕೆಲಸಕ್ಕೆ ಜನ ಹೇಗೆ ಕಾಯ್ತಾರೆ, ಏನನ್ನು ನಂಬಿ ದುಡ್ಡು ಕಟ್ತಾರೆ ಅನ್ನೋ ವಿಷಯ. ನೆಚ್ಚಿನ ನಟನ ಸಿನಿಮಾಗೆ ಮೊದಲ ದಿನದ ಮೊದಲ ಶೋ ಟಿಕೆಟ್ ಹಿಡಿದು ನಿಂತವರಿಗೆಲ್ಲ ಇದು ಅರ್ಥ ಆಗುತ್ತೆ.

2022ರ ನವೆಂಬರ್ 28, ಸೋಮವಾರ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಅವತ್ತು ಒಟ್ಟಿಗೇ ಮೂರು ಸುದ್ದಿ ಕೊಟ್ಟಿತು. ಒಂದು, 'ಲಕ್ಸ್ ಏಟರ್ನಾ' ಅನ್ನೋ ಹೊಸ ಹಾಡು, ಮೂರೂವರೆ ನಿಮಿಷಕ್ಕಿಂತ ಚಿಕ್ಕದು. ಎರಡು, '72 ಸೀಸನ್ಸ್' ಅನ್ನೋ ಹೊಸ ಆಲ್ಬಂ 2023ರ ಏಪ್ರಿಲ್ 14ಕ್ಕೆ ಬರುತ್ತೆ. ಮೂರು, ಎರಡು ವರ್ಷದ ವಿಶ್ವ ಪ್ರವಾಸ. ಪ್ರತಿ ಊರಲ್ಲೂ ಎರಡು ರಾತ್ರಿ, ಮೊದಲ ರಾತ್ರಿ ನುಡಿಸಿದ ಹಾಡು ಎರಡನೇ ರಾತ್ರಿ ಇಲ್ಲ. ಜೊತೆಗೆ ವೇದಿಕೆ ಮೈದಾನದ ಒಂದು ತುದಿಯಲ್ಲಿ ಇರಲ್ಲ, ನಟ್ಟನಡುವೆ ಇರುತ್ತೆ.

ಅದೇ ವಾರ ಟಿಕೆಟ್ ಮಾರಾಟ ಶುರುವಾಯ್ತು. ಈಗ ಅಭಿಮಾನಿಯ ಜಾಗದಲ್ಲಿ ನಿಂತು ನೋಡಿ. ಹನ್ನೆರಡು ಹಾಡುಗಳಲ್ಲಿ ಅವನು ಕೇಳಿರೋದು ಒಂದು. ವೇದಿಕೆಯನ್ನು ನೋಡಿರೋದು ಚಿತ್ರದಲ್ಲಿ ಮಾತ್ರ. ಮೊದಲು ಮಾರಾಟಕ್ಕೆ ಬಂದದ್ದು ಎರಡೂ ರಾತ್ರಿಯ ಟಿಕೆಟ್, ಒಂದೇ ರಾತ್ರಿಯ ಟಿಕೆಟ್ ಆಮೇಲೆ. ಅಂದ್ರೆ ಇದು ಸಂಗೀತ ಕೊಳ್ಳೋದಕ್ಕಿಂತ ಸಾಲ ಕೊಟ್ಟ ಹಾಗೆ. ನಾಲ್ಕು ದಶಕದ ಹಳೇ ಪರಿಚಯ, ಆ ನಂಬಿಕೆ ಮೇಲೆ ಮುಂಗಡ.

ಆ ನಂಬಿಕೆ ಯಾವಾಗಲೂ ಗಟ್ಟಿಯಾಗಿತ್ತು ಅಂತೇನಿಲ್ಲ. ಈ ಬ್ಯಾಂಡಿನ ಅಭಿಮಾನಿಗಳು ಹೊಸ ಹಾಡಿಗೆ ಕಾದ ರೀತಿಯನ್ನೇ ಸ್ವಲ್ಪ ಹಿಂದಿನಿಂದ ನೋಡೋಣ.

1991ರ ಆಗಸ್ಟ್. ಬ್ಯಾಂಡಿನ ಹೆಸರನ್ನೇ ಹೊತ್ತ, ಕಪ್ಪು ರಟ್ಟಿನ ಆಲ್ಬಂ ಬರೋದಿತ್ತು. ಅದು ಅಂಗಡಿಗೆ ಬರೋ ಮೊದಲೇ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಭಿಮಾನಿಗಳನ್ನು ಉಚಿತವಾಗಿ ಒಳಗೆ ಬಿಟ್ಟು ಧ್ವನಿಮುದ್ರಣ ಕೇಳಿಸಿದರು. ವೇದಿಕೆ ಮೇಲೆ ಬ್ಯಾಂಡ್ ನುಡಿಸ್ತಾ ಇಲ್ಲ, ಬರೀ ಸ್ಪೀಕರ್. ಆದರೂ ಜನ ತುಂಬಿದರು. ಸಾವಿರಾರು ಜನ ಒಟ್ಟಿಗೆ ಕೂತು ಒಂದು ಹಾಡನ್ನು ಮೊದಲ ಸಲ ಕೇಳೋದು, ಅದರದ್ದೇ ಒಂದು ಖುಷಿ.

ಮುಂದೆ 2000ನೇ ಇಸವಿ. ಸಿನಿಮಾ ಒಂದಕ್ಕಾಗಿ ಮಾಡ್ತಿದ್ದ 'ಐ ಡಿಸಪಿಯರ್' ಹಾಡು ಬಿಡುಗಡೆಗೆ ಮೊದಲೇ ನ್ಯಾಪ್‌ಸ್ಟರ್ ಮೂಲಕ ಸೋರಿಹೋಯ್ತು. ಬ್ಯಾಂಡ್ ನ್ಯಾಪ್‌ಸ್ಟರ್ ವಿರುದ್ಧ ಕೋರ್ಟಿಗೆ ಹೋಯ್ತು. ಡ್ರಮ್ಮರ್ ಲಾರ್ಸ್ ಉಲ್ರಿಕ್, ಹಾಡು ಹಂಚಿಕೊಂಡ 3,35,435 ಬಳಕೆದಾರರ ಪಟ್ಟಿಯನ್ನೇ ಆ ಕಂಪನಿಗೆ ಒಯ್ದು ಕೊಟ್ಟರು. ಆ ಪಟ್ಟಿಯಲ್ಲಿ ಇದ್ದವರು ಯಾರು? ಹೆಚ್ಚಿನವರು ಅಭಿಮಾನಿಗಳೇ. ಹಕ್ಕಿನ ಪ್ರಶ್ನೆಯಲ್ಲಿ ಲಾರ್ಸ್ ಹೇಳಿದ್ದರಲ್ಲಿ ಹುರುಳಿತ್ತು ಅಂತ ಇವತ್ತು ಅನ್ನಿಸಬಹುದು. ಆದರೆ ಕೇಳುಗ ಮತ್ತು ಬ್ಯಾಂಡ್ ಎದುರುಬದುರು ನಿಂತ ಆ ಚಿತ್ರ ಬಹಳ ವರ್ಷ ಅಳಿಸಲಿಲ್ಲ.

ಅದಕ್ಕೇ 2023ರ ಕಾಯುವಿಕೆಗೆ ಒಂದು ತೂಕ ಇತ್ತು. ಹಿಂದಿನ ಆಲ್ಬಂ ಬಂದದ್ದು 2016ರ ನವೆಂಬರ್‌ನಲ್ಲಿ. ಆರು ವರ್ಷ ಮೀರಿದ ಅಂತರ. ನಡುವೆ 2019ರಲ್ಲಿ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ವ್ಯಸನದ ಚಿಕಿತ್ಸೆಗೆ ಮರಳಿ ಹೋದ ಕಾರಣ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ ಮುಂದಕ್ಕೆ ಹೋಯ್ತು. ಅದರ ಬೆನ್ನಿಗೇ ಕೋವಿಡ್. ಆಮೇಲೆ 2022ರ ಬೇಸಿಗೆಯಲ್ಲಿ ಇನ್ನೊಂದು ತಮಾಷೆ. 'ಸ್ಟ್ರೇಂಜರ್ ಥಿಂಗ್ಸ್' ಸರಣಿಯ ಒಂದು ದೃಶ್ಯದಲ್ಲಿ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಬಂದದ್ದೇ ತಡ, ಆ ಹಾಡು ಬಂದಾಗ ಹುಟ್ಟಿಯೇ ಇರದ ಮಕ್ಕಳೆಲ್ಲ ಅದನ್ನು ಹುಡುಕಿ ಕೇಳೋಕೆ ಶುರು ಮಾಡಿದರು. ಹಾಗಾಗಿ ಈ ಸಲ ಸರದಿಯಲ್ಲಿ ಅಪ್ಪನೂ ಇದ್ದ, ಮಗಳೂ ಇದ್ದಳು.

ಆಲ್ಬಂ ಹೆಸರಿನ ಅರ್ಥವೂ ಇಲ್ಲಿ ಮುಖ್ಯ. ವರ್ಷಕ್ಕೆ ನಾಲ್ಕು ಋತು ಅಂತ ಅಲ್ಲಿಯ ಲೆಕ್ಕ, 72 ಋತು ಅಂದ್ರೆ ಹದಿನೆಂಟು ವರ್ಷ. ಮನುಷ್ಯನ ಮೊದಲ ಹದಿನೆಂಟು ವರ್ಷ ಅವನನ್ನು ಹೇಗೆ ರೂಪಿಸುತ್ತೆ, ಆಮೇಲಿನ ಬದುಕೆಲ್ಲ ಅದರ ನೆರಳು ಹೇಗೆ ಬೀಳುತ್ತೆ ಅನ್ನೋದು ಹೆಟ್‌ಫೀಲ್ಡ್ ಹಿಡಿದ ಎಳೆ. ಅರವತ್ತರ ಆಸುಪಾಸಿನ ನಾಲ್ವರು ಹದಿಹರೆಯದ ಬಗ್ಗೆ ಹಾಡ್ತಾರೆ, ಕೇಳುವವರಲ್ಲಿ ನಿಜವಾದ ಹದಿಹರೆಯದವರೂ ಇದ್ದಾರೆ. ಕುತೂಹಲ ಇರೋದು ಸಹಜ ಅಲ್ವಾ?

ಬಿಡುಗಡೆಗೆ ಮೊದಲು ನಾಲ್ಕು ಹಾಡುಗಳನ್ನು ಒಂದೊಂದಾಗಿ ಬಿಟ್ಟರು. ನವೆಂಬರ್‌ನಲ್ಲಿ ಮೊದಲನೆಯದು, ಜನವರಿಯಲ್ಲಿ ಎರಡನೆಯದು, ಮಾರ್ಚ್ ತಿಂಗಳಲ್ಲಿ ಎರಡು. ಏಪ್ರಿಲ್ 13ರಂದು, ಅಂದ್ರೆ ಹಿಂದಿನ ದಿನ, ಜಗತ್ತಿನ ಅನೇಕ ಊರುಗಳ ಸಿನಿಮಾ ಮಂದಿರಗಳಲ್ಲಿ ಇಡೀ ಆಲ್ಬಂ ಕೇಳಿಸಿದರು. 1991ರ ಉಪಾಯವೇ, ಈ ಸಲ ಒಂದು ಸಭಾಂಗಣದ ಬದಲು ನೂರಾರು ಪರದೆ. ಕತ್ತಲಲ್ಲಿ ಅಪರಿಚಿತರ ಜೊತೆ ಕೂತು 77 ನಿಮಿಷ. ಕೊನೆಯ ಹಾಡು 'ಇನಮೊರಾಟಾ' ಒಂದೇ ಹನ್ನೊಂದು ನಿಮಿಷದ್ದು, ಈ ಬ್ಯಾಂಡಿನ ಅತಿ ಉದ್ದದ ಹಾಡುಗಳಲ್ಲಿ ಒಂದು.

ಈಗ ವೇದಿಕೆಗೆ ಬರೋಣ. ಇಂಗ್ಲಿಷಿನಲ್ಲಿ ಇದಕ್ಕೆ 'ಇನ್ ದಿ ರೌಂಡ್' ಅಂತಾರೆ. ನಾವು ನಡುವಿನ ವೇದಿಕೆ ಅನ್ನೋಣ. ನಮ್ಮ ಯಕ್ಷಗಾನ ನೆನಪಿಸಿಕೊಳ್ಳಿ. ಮೂರು ದಿಕ್ಕಿಗೆ ಜನ, ನಾಲ್ಕನೇ ದಿಕ್ಕಲ್ಲಿ ಭಾಗವತರು, ಅವರ ಹಿಂದೆ ಚೌಕಿ. ವೇಷ ಕಟ್ಟೋದು, ಉಸಿರು ಬಿಡೋದು, ನೀರು ಕುಡಿಯೋದು ಎಲ್ಲ ಅಲ್ಲಿ. ಆ ನಾಲ್ಕನೇ ದಿಕ್ಕನ್ನೂ ತೆರೆದುಬಿಟ್ಟರೆ? ಆಗ ಅದು ದಸರಾ ಕುಸ್ತಿಯ ಅಖಾಡದ ಹಾಗೆ. ಅವಿತುಕೊಳ್ಳೋಕೆ ಮೂಲೆಯೇ ಇಲ್ಲ.

ಕುಸ್ತಿಯ ಹೋಲಿಕೆ ಸುಮ್ಮನೆ ಹೇಳಿದ್ದಲ್ಲ. 1974ರ ಅಕ್ಟೋಬರ್‌ನಲ್ಲಿ ಫ್ರ್ಯಾಂಕ್ ಸಿನಾತ್ರಾ ಇದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಕ್ಸಿಂಗ್ ಕಣದಂಥ ವೇದಿಕೆ ನಡುವೆ ಇಟ್ಟು ಹಾಡಿದ್ದರು. 1978ರಲ್ಲಿ ಇಂಗ್ಲೆಂಡಿನ ಯೆಸ್ ಬ್ಯಾಂಡ್ ತಿರುಗುವ ವೇದಿಕೆ ಮಾಡಿತು, ಜನ ಕೂತಲ್ಲೇ ಕೂರಲಿ, ಬ್ಯಾಂಡೇ ಸುತ್ತಲಿ ಅಂತ. 1987ರಲ್ಲಿ ಡೆಫ್ ಲೆಪರ್ಡ್, 'ಹಿಸ್ಟೀರಿಯಾ' ಆಲ್ಬಂ ಜೊತೆ ಅಮೆರಿಕದ ಒಳಾಂಗಣಗಳಲ್ಲಿ ಇದನ್ನೇ ಮಾಡಿತು. 2009ರಲ್ಲಿ ಯೂಟು ಬ್ಯಾಂಡ್ ಅದನ್ನು ಬಯಲಿಗೆ ತಂತು. ನಾಲ್ಕು ಕಾಲಿನ, ಸುಮಾರು 50 ಮೀಟರ್ ಎತ್ತರದ ಉಕ್ಕಿನ ಚೌಕಟ್ಟು. ಅದನ್ನು ಜನ 'ಪಂಜ' ಅಂತ ಕರೆದರು. ಬಾರ್ಸಿಲೋನಾದಲ್ಲಿ ಶುರುವಾಗಿ 2011ರವರೆಗೆ 110 ಕಾರ್ಯಕ್ರಮ, 70 ಲಕ್ಷಕ್ಕೂ ಹೆಚ್ಚು ಜನ. ಮೆಟಾಲಿಕಾ ತೊಂಬತ್ತರ ದಶಕದ ಆರಂಭದಲ್ಲೇ ವೇದಿಕೆಯ ಹೊಟ್ಟೆಯಲ್ಲಿ ಅಭಿಮಾನಿಗಳನ್ನು ನಿಲ್ಲಿಸಿತ್ತು. ಆ ಜಾಗಕ್ಕೆ 'ಸ್ನೇಕ್ ಪಿಟ್' ಅಂತ ಹೆಸರು, ಹಾವಿನ ಗುಂಡಿ.

ಇದರ ಲಾಭ ಏನು? ಸರಳ ಲೆಕ್ಕ. ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ. ವೇದಿಕೆ ಒಂದು ಗೋಲಿನ ಹತ್ತಿರ ಇದ್ದರೆ ಎದುರಿನ ಗೋಲಿನ ಹಿಂದೆ ಕೂತವನು ನೂರು ಮೀಟರ್ ಆಚೆ. ವೇದಿಕೆ ನಡುವೆ ಬಂದರೆ ಆ ದೂರ ಹತ್ತಿರ ಹತ್ತಿರ ಅರ್ಧ. ಶಬ್ದಕ್ಕೂ ಅಷ್ಟೇ. ನೂರು ಮೀಟರ್ ದಾಟೋಕೆ ಅದಕ್ಕೆ ಸುಮಾರು 0.3 ಸೆಕೆಂಡು ಬೇಕು. ಕಣ್ಣಿಗೆ ಡ್ರಮ್ ಏಟು ಕಂಡ ಮೇಲೆ ಕಿವಿಗೆ ಬೀಳುತ್ತೆ. ಇನ್ನೊಂದು ಲಾಭ ಆಯೋಜಕರದ್ದು. ತುದಿಯ ವೇದಿಕೆಯಲ್ಲಿ ಹಿಂಬದಿಯ ಸೀಟುಗಳನ್ನು ಮಾರೋ ಹಾಗಿಲ್ಲ. ನಡುವೆ ಇಟ್ಟರೆ ಸುತ್ತಲೂ ಮಾರಬಹುದು. ಅಭಿಮಾನಿಗಳ ಹತ್ತಿರ ಬರ್ತೀವಿ ಅನ್ನೋ ಮಾತಿನ ಜೊತೆ ಈ ಗಣಿತವೂ ಇದೆ, ಮರೀಬೇಡಿ.

ತೊಂದರೆ? ವಾದಕರಿಗೆ ಬೆನ್ನು ಅಂತ ಒಂದು ಇದೆಯಲ್ಲ! ಯಾರ ಕಡೆ ತಿರುಗಿದರೂ ಇನ್ಯಾರಿಗೋ ಬೆನ್ನು. ಹಾಡುವವರು, ಗಿಟಾರ್‌ನವರು ಓಡಾಡಬಹುದು. ಡ್ರಮ್ಸ್ ಓಡಾಡಲ್ಲ. ಇದಕ್ಕೆ ಎಂ72 ಪ್ರವಾಸದಲ್ಲಿ ಕಂಡುಕೊಂಡ ದಾರಿ ಚೆನ್ನಾಗಿದೆ. ಉದ್ದಿನವಡೆ ಆಕಾರದ ವೇದಿಕೆ, ವಡೆಯ ತೂತಿನಲ್ಲಿ ಸ್ನೇಕ್ ಪಿಟ್. ಆ ಉಂಗುರದ ಮೇಲೆ ನಾಲ್ಕು ಕಡೆ ನಾಲ್ಕು ಡ್ರಮ್ ಸೆಟ್. ಒಂದು ಕೆಳಗೆ ಇಳಿದರೆ ಇನ್ನೊಂದು ಮೇಲೆ ಏಳುತ್ತೆ, ಲಾರ್ಸ್ ಜಾಗ ಬದಲಿಸ್ತಾರೆ. ಒಂದೊಂದು ಬದಿಯವರಿಗೂ ಒಂದಷ್ಟು ಹೊತ್ತು ಅವರು ಹತ್ತಿರ. ಸುತ್ತ ಎಂಟು ಗೋಪುರ, ಅದರಲ್ಲಿ ಪರದೆ ಮತ್ತು ಸ್ಪೀಕರ್. ಆದರೆ ಗೋಪುರ ಅಂದ ಮೇಲೆ ಅದು ಯಾರದ್ದಾದರೂ ಕಣ್ಣಿಗೆ ಅಡ್ಡ ಬರಲೇಬೇಕು. ಸ್ನೇಕ್ ಪಿಟ್‌ನಲ್ಲಿ ನಿಂತವರು ಬ್ಯಾಂಡಿಗೆ ಎಲ್ಲರಿಗಿಂತ ಹತ್ತಿರ ಇರ್ತಾರೆ, ವಾದಕರ ಬೆನ್ನನ್ನೂ ಅವರೇ ಹೆಚ್ಚು ನೋಡ್ತಾರೆ. ಹೀಗಾಗಿ ಇಲ್ಲಿ ಎಲ್ಲರಿಗೂ ಸ್ವಲ್ಪ ಹೊತ್ತು ಒಳ್ಳೆ ಸೀಟು, ಸ್ವಲ್ಪ ಹೊತ್ತು ಕೆಟ್ಟ ಸೀಟು.

ನಮ್ಮ ಊರಿನ ಕೇಳುಗರಿಗೆ ಇಲ್ಲೊಂದು ನೆನಪು. ಮೆಟಾಲಿಕಾ ಭಾರತಕ್ಕೆ ಮೊದಲ ಸಲ ಬಂದದ್ದು 2011ರಲ್ಲಿ. ಅಕ್ಟೋಬರ್ 28ಕ್ಕೆ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ನಿಗದಿಯಾಗಿದ್ದ ಕಾರ್ಯಕ್ರಮ, ಮುಂದಿನ ಬ್ಯಾರಿಕೇಡ್ ತಡೆಯದೆ ಸುರಕ್ಷತೆಯ ಕಾರಣಕ್ಕೆ ನಿಂತುಹೋಯ್ತು. ಕಾದಿದ್ದ ಜನ ಸಿಟ್ಟಾಗಿ ವೇದಿಕೆಗೇ ನುಗ್ಗಿದರು. ಎರಡು ದಿನ ಬಿಟ್ಟು, ಅಕ್ಟೋಬರ್ 30ರಂದು, ಬೆಂಗಳೂರು ಅರಮನೆ ಮೈದಾನದಲ್ಲಿ ಕಾರ್ಯಕ್ರಮ ನಡೀತು. ಅವು ಒಂದೇ ಕಡೆ ಮುಖ ಇರೋ ವೇದಿಕೆಗಳು. 'ಮುಂದೆ' ಅನ್ನೋದು ಒಂದೇ ಗೆರೆ ಆದಾಗ ಹಿಂದಿನವರೆಲ್ಲರ ಒತ್ತಡ ಆ ಗೆರೆ ಮೇಲೇ ಬೀಳುತ್ತೆ. ವೇದಿಕೆ ದುಂಡಗಾದರೆ ಮುಂಭಾಗ ಅನ್ನೋದು ಸುತ್ತಲೂ ಹರಡಿಕೊಳ್ಳುತ್ತೆ. ಅದರಿಂದಲೇ ಎಲ್ಲ ಸರಿ ಹೋಗುತ್ತೆ ಅಂತಲ್ಲ. ಕಾವಲು, ಬಾಗಿಲು, ದಾರಿ ಎಲ್ಲವೂ ನೆಟ್ಟಗಿರಬೇಕು. ಆದರೆ ವೇದಿಕೆಯ ಆಕಾರ ಬರೀ ಅಲಂಕಾರದ ವಿಷಯ ಅಲ್ಲ ಅನ್ನೋದಕ್ಕೆ ಗುರುಗ್ರಾಮಕ್ಕಿಂತ ಬೇರೆ ಸಾಕ್ಷಿ ನಮಗೆ ಬೇಡ. 2022ರಲ್ಲಿ ಪ್ರಕಟವಾದ ಪ್ರವಾಸದ ಪಟ್ಟಿಯಲ್ಲಿ ಇದ್ದದ್ದು ಯುರೋಪ್ ಮತ್ತು ಉತ್ತರ ಅಮೆರಿಕದ ಊರುಗಳು. ಬೆಂಗಳೂರಿನ ಅಭಿಮಾನಿಗೆ ಉಂಗುರದ ವೇದಿಕೆ ಬೇಕಂದ್ರೆ ಟಿಕೆಟ್ ಜೊತೆ ವೀಸಾ, ವಿಮಾನದ ಖರ್ಚೂ ಸೇರಿತ್ತು.

ಕೊನೆಗೆ 2023ರ ಏಪ್ರಿಲ್ 27 ಮತ್ತು 29. ಆಮ್‌ಸ್ಟರ್‌ಡ್ಯಾಮಿನ ಯೋಹಾನ್ ಕ್ರೈಫ್ ಅರೆನಾ. ಎರಡು ರಾತ್ರಿ, ರಾತ್ರಿಗೆ ಹದಿನಾರು ಹಾಡು, ಒಂದೂ ಮರುಕಳಿಸಲಿಲ್ಲ. 'ಮಾಸ್ಟರ್ ಆಫ್ ಪಪೆಟ್ಸ್' ಮೊದಲ ರಾತ್ರಿಗೆ, 'ಎಂಟರ್ ಸ್ಯಾಂಡ್‌ಮ್ಯಾನ್' ಎರಡನೇ ರಾತ್ರಿಗೆ. ಒಂದೇ ದಿನದ ಟಿಕೆಟ್ ಇದ್ದವನಿಗೆ ಎರಡರಲ್ಲಿ ಒಂದು ತಪ್ಪಿದ್ದೇ. ಮಗಳು ಸರಣಿ ನೋಡಿ ಕಲಿತ ಹಾಡು ಒಂದು ರಾತ್ರಿ, ಅಪ್ಪ ಕಾಲೇಜಿನಲ್ಲಿ ಕೇಳಿದ ಹಾಡು ಇನ್ನೊಂದು ರಾತ್ರಿ. ಎರಡೂ ಬೇಕು ಅಂದರೆ ಎರಡು ಟಿಕೆಟ್, ಎರಡು ದಿನ ರಜೆ, ಊರಲ್ಲಿ ತಂಗೋ ಖರ್ಚು. ದುಬಾರಿ ಅನ್ನೋ ದೂರು ನ್ಯಾಯವಾದದ್ದೇ.

ಆದರೂ ಈ ಏರ್ಪಾಡಿನಲ್ಲಿ ನನಗೆ ಗೌರವ ಇರೋದು ಒಂದು ಕಾರಣಕ್ಕೆ. ಹಳೇ ಬ್ಯಾಂಡ್‌ಗಳ ಹೊಸ ಹಾಡು ಬಂದಾಗ ಜನ ಎದ್ದು ಬಾತ್‌ರೂಮಿಗೆ ಹೋಗ್ತಾರೆ ಅನ್ನೋದು ಹಳೇ ಜೋಕು. ಆಮ್‌ಸ್ಟರ್‌ಡ್ಯಾಮಿನಲ್ಲಿ ರಾತ್ರಿಗೆ ಮೂರರಂತೆ ಹೊಸ ಆಲ್ಬಮ್ಮಿನ ಆರು ಹಾಡು ನುಡಿಸಿದರು, ಬಿಡುಗಡೆಯಾಗಿ ಎರಡೇ ವಾರಕ್ಕೆ. ಅದೂ ಎಲ್ಲಿ? ಪ್ರೇಕ್ಷಕನ ಮುಖ ನಾಲ್ಕೂ ಕಡೆ ಕಾಣೋ ಜಾಗದಲ್ಲಿ. ಯಾರು ಆಕಳಿಸಿದರು, ಯಾರು ಫೋನ್ ನೋಡಿದರು, ಎಲ್ಲ ಗೊತ್ತಾಗುತ್ತೆ. ಮುಂಗಡ ದುಡ್ಡು ಕೊಟ್ಟವರ ನಡುವೆ ನಿಂತು ಹೊಸ ಕೆಲಸ ತೋರಿಸೋದು ಅಂದ್ರೆ ಲೆಕ್ಕ ಒಪ್ಪಿಸಿದ ಹಾಗೆ. ಚೌಕಿ ಇಲ್ಲ, ಪರದೆ ಇಲ್ಲ. ಇಪ್ಪತ್ತಮೂರು ವರ್ಷದ ಹಿಂದೆ ಕೇಳುಗರ ಪಟ್ಟಿ ಹಿಡಿದು ಎದುರು ನಿಂತಿದ್ದ ಬ್ಯಾಂಡ್ ಈಗ ಅವರ ನಡುವೆ ನಿಂತಿತ್ತು.

ಪ್ರೇಕ್ಷಕನಿಗೂ ಒಂದು ಹೊಸದು ಸಿಗುತ್ತೆ. ತುದಿಯ ವೇದಿಕೆಯಲ್ಲಿ ನಮಗೆ ಕಾಣೋದು ಮುಂದಿನವರ ತಲೆ. ನಡುವಿನ ವೇದಿಕೆಯಲ್ಲಿ ಬ್ಯಾಂಡಿನ ಆಚೆ, ಎದುರಿನ ಗ್ಯಾಲರಿಯಲ್ಲಿ, ನಮ್ಮ ಹಾಗೇ ಆರು ವರ್ಷ ಕಾದ ಸಾವಿರಾರು ಮುಖ. ಅವರು ಬಾಯಿಬಿಟ್ಟು ಹಾಡೋದು ನಮಗೆ ಕಾಣುತ್ತೆ, ನಾವು ಅವರಿಗೆ ಕಾಣ್ತೀವಿ.

ನೀವು ಈಗ ಯಾರ ಹೊಸ ಆಲ್ಬಮ್ಮಿಗೆ ಕಾಯ್ತಿದ್ದೀರಿ? ಒಂದೇ ಹಾಡು ಕೇಳಿ, ಕಾಣದ ವೇದಿಕೆಗೆ ಟಿಕೆಟ್ ತಗೊಳ್ತೀರಾ? ನಮಗೆ ಬರೆದು ತಿಳಿಸಿ.