ಘಟಿಕೋತ್ಸವದ ಮರುದಿನ

ಘಟಿಕೋತ್ಸವದ ಸಂಭ್ರಮವನ್ನು ಅರಿಯದವರು ವಿರಳ. ಕರಿಯ ನಿಲುವಂಗಿ, ಹೆಗಲ ಮೇಲಣ ಬಣ್ಣದ ಪಟ್ಟಿ, ಸಭೆಯ ಕರತಾಡನ, ತಾಯಿತಂದೆಗಳ ಕಣ್ಣಿನ ಹೊಳಪು ಇವೆಲ್ಲವೂ ಆ ಒಂದು ದಿನದ ಸೊಬಗು. ಮರುದಿನದ ಪತ್ರಿಕೆಗಳಲ್ಲಿ ಅದರ ವರ್ಣನೆ ಬರುತ್ತದೆ. ಪದಕಗಳನ್ನು ಪಡೆದವರ ಹೆಸರುಗಳೂ ಬರುತ್ತವೆ. ಆದರೆ ಆ ಮರುದಿನದಿಂದ ಮೊದಲಾಗುವ ಬಾಳಿನ ವರ್ಣನೆಯನ್ನು ಬರೆಯುವವರು ಕಡಮೆ. ಬಾಡಿಗೆಗೆ ತಂದ ನಿಲುವಂಗಿಯನ್ನು ಹಿಂದಿರುಗಿಸಿ ಪದವೀಧರನು ಮನೆಗೆ ಬರುತ್ತಾನೆ. ಅಲ್ಲಿಂದ ಮುಂದೆ ಒಂದು ಸ್ಥಿರವಾದ ಜೀವನೋಪಾಯ ದೊರೆಯುವವರೆಗೆ ಎರಡು, ಮೂರು, ಕೆಲವೊಮ್ಮೆ ಐದಾರು ವರ್ಷಗಳೇ ಕಳೆಯುವುದುಂಟು. ಆ ವರ್ಷಗಳ ವಿಚಾರವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದು ನಮ್ಮ ಬಯಕೆ.

ಈ ಅವಧಿಗೆ ನಮ್ಮ ಆಡುಮಾತಿನಲ್ಲಿ ಒಂದು ಹೆಸರೂ ಇಲ್ಲ. ಓದುತ್ತಿರುವವನು ವಿದ್ಯಾರ್ಥಿ, ಸಂಬಳ ತರುವವನು ಉದ್ಯೋಗಸ್ಥ. ಇವೆರಡರ ನಡುವೆ ಇರುವವನನ್ನು "ಮನೆಯಲ್ಲಿದ್ದಾನೆ" ಎಂದು ಹೇಳಿ ಮಾತು ಬದಲಿಸುತ್ತೇವೆ. ಆದರೆ ನಮ್ಮ ಪೂರ್ವಿಕರು ಈ ಸ್ಥಿತಿಯನ್ನು ಗುರುತಿಸಿ ಅದಕ್ಕೊಂದು ಹೆಸರನ್ನು ಕೊಟ್ಟಿದ್ದರು. ಗುರುಕುಲದ ಓದನ್ನು ಮುಗಿಸಿ ಸಮಾವರ್ತನದ ಸ್ನಾನವನ್ನು ಮಾಡಿದವನು ಸ್ನಾತಕ. ಧರ್ಮಸೂತ್ರಗಳು ಸ್ನಾತಕನಿಗೆಂದೇ ಪ್ರತ್ಯೇಕ ನಿಯಮಗಳನ್ನು ಹೇಳಿವೆ. ದಾರಿಯಲ್ಲಿ ಅರಸನೂ ಸ್ನಾತಕನೂ ಎದುರುಬದುರಾದರೆ ಅರಸನೇ ದಾರಿ ಬಿಡತಕ್ಕದ್ದೆಂದು ಮನುಸ್ಮೃತಿಯ ವಿಧಿ. ಆ ಗೌರವವು ಕೆಲವೇ ಕುಲಗಳ ಪುರುಷರಿಗೆ ಮೀಸಲಾಗಿತ್ತೆಂಬುದನ್ನು ನಾವು ಮರೆಯಲಾಗದು. ಆ ವ್ಯವಸ್ಥೆ ಮರಳಿ ಬರಬೇಕೆಂದು ಬಯಸುವವರೂ ನಾವಲ್ಲ. ಆದರೂ ಓದು ಮುಗಿದ ಮೇಲೆ, ಮನೆ ಕಟ್ಟುವುದಕ್ಕೆ ಮೊದಲು, ಮನುಷ್ಯನಿಗೆ ಒಂದು ನಡುಗಾಲವುಂಟು ಎಂಬ ವಿವೇಕ ಅಲ್ಲಿ ಇತ್ತು. ಇಂದು ಆ ಪದವು "ಸ್ನಾತಕೋತ್ತರ" ಎಂಬ ಸಮಾಸದಲ್ಲಿ ಉಳಿದುಕೊಂಡಿದೆ. ವಿವೇಕ ಮಾತ್ರ ಉಳಿದಂತೆ ತೋರುವುದಿಲ್ಲ.

ಪದವಿಗೂ ಉದ್ಯೋಗಕ್ಕೂ ಬಿದ್ದ ಗಂಟು ನಮ್ಮ ನಾಡಿನಲ್ಲಿ ಹಳೆಯದು. ಮೈಸೂರು ಸಂಸ್ಥಾನದಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಏರ್ಪಟ್ಟದ್ದು ೧೮೯೧ರಲ್ಲಿ. ಆಗ ಪದವಿಗಳು ಮದರಾಸಿನ ವಿಶ್ವವಿದ್ಯಾನಿಲಯದಿಂದ ಬರಬೇಕಾಗಿತ್ತು, ಬಿ.ಎ. ಆದವರು ಊರಿಗೊಬ್ಬರಿದ್ದರೆ ಹೆಚ್ಚು. ಅಂತಹವನ ಕಣ್ಣು ಅಮಲ್ದಾರಿಯ ಮೇಲಿದ್ದರೆ ಅದು ದುರಾಶೆಯೆನಿಸುತ್ತಿರಲಿಲ್ಲ. ೧೯೧೬ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು, ಎಚ್. ವಿ. ನಂಜುಂಡಯ್ಯನವರು ಅದರ ಮೊದಲ ಉಪಕುಲಪತಿಗಳಾದರು. ಅದಾದ ಎರಡೇ ವರ್ಷಕ್ಕೆ, ೧೯೧೮ರಲ್ಲಿ, ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ವರ್ಗಗಳಿಗೆ ನ್ಯಾಯವಾದ ಪಾಲು ದೊರೆಯುವುದು ಹೇಗೆಂಬುದು ಅದರ ವಿಚಾರ. ವಿದ್ಯೆಯ ಹಂಚಿಕೆಯ ಪ್ರಶ್ನೆಯೂ ಹುದ್ದೆಗಳ ಹಂಚಿಕೆಯ ಪ್ರಶ್ನೆಯೂ ಅಂದೇ ಒಂದಾಗಿ ಹೆಣೆದುಕೊಂಡಿದ್ದವು.

ಪದವೀಧರರ ಸಂಖ್ಯೆ ಹುದ್ದೆಗಳ ಸಂಖ್ಯೆಯನ್ನು ಮೀರುವುದಕ್ಕೆ ಬಹುಕಾಲ ಬೇಕಾಗಲಿಲ್ಲ. ಉತ್ತರದಲ್ಲಿ ಸಂಯುಕ್ತ ಪ್ರಾಂತದ ಸರ್ಕಾರವು ೧೯೩೪ರಲ್ಲಿ ತೇಜ್ ಬಹಾದುರ್ ಸಪ್ರೂ ಅವರ ಅಧ್ಯಕ್ಷತೆಯಲ್ಲಿ ನಿರುದ್ಯೋಗದ ಪರಿಶೀಲನೆಗೆಂದು ಒಂದು ಸಮಿತಿಯನ್ನು ನೇಮಿಸಬೇಕಾಯಿತು. ಓದಿದವರ ನಿರುದ್ಯೋಗವು ಆಗಲೇ ಒಂದು ಸಾರ್ವಜನಿಕ ಚಿಂತೆಯಾಗಿತ್ತು. ಆದುದರಿಂದ "ಈಗಿನ ಹುಡುಗರೇ ಹೀಗೆ" ಎಂದು ನಿಟ್ಟುಸಿರುಬಿಡುವ ಹಿರಿಯರು ತಮ್ಮ ಅಜ್ಜಂದಿರ ಕಾಲವನ್ನು ಒಮ್ಮೆ ನೆನೆಯುವುದು ಒಳಿತು.

ಈಚಿನ ಸ್ಥಿತಿಯನ್ನು ನೋಡೋಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಭಾರತದ ಉದ್ಯೋಗ ಪರಿಸ್ಥಿತಿಯನ್ನು ಕುರಿತು ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ, ೨೦೨೨ರಲ್ಲಿ ಪದವಿ ಪಡೆದ ತರುಣರಲ್ಲಿ ನಿರುದ್ಯೋಗದ ಪ್ರಮಾಣ ನೂರಕ್ಕೆ ೨೯.೧, ಓದುಬರಹವನ್ನೇ ಅರಿಯದ ತರುಣರಲ್ಲಿ ನೂರಕ್ಕೆ ೩.೪. ಈ ಅಂಕಿಗಳನ್ನು ಕೇಳಿದೊಡನೆ "ಓದಿದ್ದೇ ಕೇಡಾಯಿತು" ಎನ್ನುವವರುಂಟು. ಅದು ಅವಸರದ ತೀರ್ಮಾನ. ಓದು ಬಾರದ ಬಡವನಿಗೆ ಕಾಯುವ ಸೌಕರ್ಯವಿಲ್ಲ. ಇಂದು ದುಡಿಯದಿದ್ದರೆ ಇಂದು ಒಲೆ ಉರಿಯದು. ಸಿಕ್ಕಿದ ಕೂಲಿಯನ್ನು ಅವನು ಹಿಡಿಯಲೇಬೇಕು. ಪದವೀಧರನಾದರೋ ಕಾಯುತ್ತಾನೆ. ಕಾಯುವುದಕ್ಕೆ ಅವನಲ್ಲಿ ಒಂದು ಆಶೆಯುಂಟು. ಆ ಆಶೆಗೆ ಅನ್ನವಿಕ್ಕುವ ಒಂದು ಮನೆಯುಂಟು. ಹೀಗಾಗಿ ನಾವು ನಿರುದ್ಯೋಗವೆಂದು ಕರೆಯುವುದರಲ್ಲಿ ಬಹುಭಾಗ ನಿರೀಕ್ಷೆಯೇ ಆಗಿದೆ. ಪ್ರಶ್ನೆಯಿರುವುದು ಇಲ್ಲಿ: ಆ ನಿರೀಕ್ಷೆಯ ವೆಚ್ಚವನ್ನು ತೆರುವವರಾರು, ಅದರ ಅಪಮಾನವನ್ನು ಹೊರುವವರಾರು?

ವೆಚ್ಚದಲ್ಲಿ ಒಂದು ಅಲ್ಪಭಾಗವನ್ನು ರಾಜ್ಯವು ಹೊರಲು ಮುಂದೆ ಬಂದುದುಂಟು. ೨೦೨೪ರ ಜನವರಿ ೧೨ರಂದು ಶಿವಮೊಗ್ಗದಲ್ಲಿ ಕರ್ನಾಟಕ ಸರ್ಕಾರವು ಯುವನಿಧಿ ಯೋಜನೆಯನ್ನು ಆರಂಭಿಸಿತು. ತೇರ್ಗಡೆಯಾಗಿ ೧೮೦ ದಿನಗಳು ಕಳೆದರೂ ಕೆಲಸ ದೊರೆಯದ ಪದವೀಧರರಿಗೆ ತಿಂಗಳಿಗೆ ೩,೦೦೦ ರೂಪಾಯಿ, ಡಿಪ್ಲೊಮಾ ಪಡೆದವರಿಗೆ ೧,೫೦೦ ರೂಪಾಯಿ, ಹೆಚ್ಚೆಂದರೆ ಎರಡು ವರ್ಷಗಳವರೆಗೆ ಎಂದು ಗೊತ್ತುಮಾಡಲಾಯಿತು. ಮೊಬಲಗು ಸಣ್ಣದೆನ್ನಬಹುದು. ಆದರೆ ಕಾಯುವ ಕಾಲವೂ ಒಂದು ಕಾಲವೇ, ಅದಕ್ಕೂ ಒಂದು ಮಿತಿಯುಂಟು, ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಂತಾಯಿತು. ಅಪಮಾನದ ಭಾರವನ್ನಾದರೋ ಯಾವ ಬೊಕ್ಕಸವೂ ಹೊರಲಾರದು. ಅದು ಪೂರ್ತಿಯಾಗಿ ತರುಣನ ಪಾಲಿಗೇ ಬೀಳುತ್ತದೆ.

ಕಾಯುವವರಲ್ಲಿ ಒಂದು ವರ್ಗ ಸ್ಪರ್ಧಾ ಪರೀಕ್ಷೆಗಳ ದಾರಿ ಹಿಡಿದವರು. ಬೆಂಗಳೂರಿನ ವಿಜಯನಗರದಲ್ಲಿಯೂ ಧಾರವಾಡದಲ್ಲಿಯೂ ಇಂತಹವರನ್ನು ಬೀದಿಬೀದಿಯಲ್ಲಿ ಕಾಣಬಹುದು. ಒಂದು ಕೋಣೆಯಲ್ಲಿ ಮೂವರೋ ನಾಲ್ವರೋ. ಗೋಡೆಯ ಮೇಲೆ ಭೂಪಟ, ಮೂಲೆಯಲ್ಲಿ ಹಳೆಯ ಪ್ರಶ್ನಪತ್ರಿಕೆಗಳ ರಾಶಿ, ಊರಿನಿಂದ ಬಂದ ಅಕ್ಕಿಯ ಚೀಲ ಅಥವಾ ರೊಟ್ಟಿಯ ಗಂಟು. ಇವರ ಶ್ರದ್ಧೆಯನ್ನು ನಾವು ಅರಿಯೆವೆಂದಲ್ಲ. ನಮ್ಮ ತರಗತಿಗಳಲ್ಲಿ ಕಾಣದ ಶ್ರದ್ಧೆ ಎಷ್ಟೋ ವೇಳೆ ಅಲ್ಲಿ ಕಾಣುತ್ತದೆ. ಆದರೆ ಶ್ರದ್ಧೆಗೆ ತಕ್ಕ ಫಲ ಸಿಗುವುದೆಂಬ ಭರವಸೆ ಮಾತ್ರ ಅವರ ಕೈಯಲ್ಲಿಲ್ಲ. ಪೊಲೀಸ್ ಸಬ್ ಇನ್ಸ್‌ಪೆಕ್ಟರುಗಳ ೫೪೫ ಹುದ್ದೆಗಳಿಗೆ ೨೦೨೧ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಸುಮಾರು ೫೪,೦೦೦ ಮಂದಿ ಬರೆದರು. ಅಕ್ರಮಗಳು ಬಯಲಿಗೆ ಬಂದು ೨೦೨೨ರ ಏಪ್ರಿಲಿನಲ್ಲಿ ಆ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು ೨೦೨೪ರ ಜನವರಿಯಲ್ಲಿ. ಯಾರೋ ಕೆಲವರ ಮೋಸದ ಫಲವಾಗಿ, ಪ್ರಾಮಾಣಿಕವಾಗಿ ಬರೆದವನ ಬಾಳಿನಿಂದ ಎರಡು ವರ್ಷಗಳಿಗೂ ಮಿಗಿಲಾದ ಕಾಲ ಕಳೆದುಹೋಯಿತು. ಊರಿನ ಜನ ಅವನನ್ನು ಕೇಳಿದುದು ಒಂದೇ ಪ್ರಶ್ನೆ: "ಇನ್ನೂ ಆಗಲಿಲ್ಲವೆ?"

ಎರಡನೆಯ ವರ್ಗ, ಕೈಗೆ ಸಿಕ್ಕಿದ ಕೆಲಸವನ್ನು ಹಿಡಿದವರು. ವಾಣಿಜ್ಯಶಾಸ್ತ್ರದ ಪದವೀಧರನು ದ್ವಿಚಕ್ರ ವಾಹನದಲ್ಲಿ ಮನೆಮನೆಗೆ ಊಟದ ಪೊಟ್ಟಣಗಳನ್ನು ಮುಟ್ಟಿಸುತ್ತಾನೆ. ವಿಜ್ಞಾನದ ಪದವೀಧರೆಯು ಖಾಸಗಿ ಶಾಲೆಯೊಂದರಲ್ಲಿ ಸ್ವಲ್ಪ ಸಂಬಳಕ್ಕೆ ಪಾಠ ಹೇಳುತ್ತಾಳೆ. ಎಂ.ಎ. ಮಾಡಿದವರು ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿದ್ದಾರೆ. ಮೊದಲಿಬ್ಬರನ್ನು ಕಂಡು "ಓದಿ ಇದನ್ನು ಮಾಡಬೇಕೆ?" ಎನ್ನುವವರಿಗೆ ನಮ್ಮ ಉತ್ತರ ಸರಳವಾದುದು: ಮಾಡಬಹುದು. ಹೊತ್ತಿಗೆ ಸರಿಯಾಗಿ ಹೋಗುವುದು, ಅಪರಿಚಿತರೊಡನೆ ಸೌಜನ್ಯದಿಂದ ನಡೆದುಕೊಳ್ಳುವುದು, ದುಡಿದ ಹಣದ ಲೆಕ್ಕವಿಡುವುದು ಇವು ಯಾವ ಪಠ್ಯಕ್ರಮದಲ್ಲಿಯೂ ಇಲ್ಲದ ಪಾಠಗಳು. ಅತಿಥಿ ಉಪನ್ಯಾಸಕರ ವಿಚಾರ ಬೇರೆ. ಅತಿಥಿಯೆಂದರೆ ಬಂದು ಹೋಗುವವನು. ವರುಷ ವರುಷವೂ ಅದೇ ಕೊಠಡಿಯಲ್ಲಿ ಅದೇ ಪಾಠ ಹೇಳುವವನನ್ನು ಅತಿಥಿಯೆಂದು ಕರೆಯುತ್ತಲೇ ಹೋದರೆ ಆ ಪದದ ಮರ್ಯಾದೆ ಉಳಿಯದು, ಮನುಷ್ಯನ ಮರ್ಯಾದೆಯೂ ಉಳಿಯದು. ನಡುಗಾಲದ ಕೆಲಸವು ನಡುಗಾಲಕ್ಕೆ ಸಲ್ಲುವುದು. ಅದನ್ನೇ ಜೀವಮಾನವಾಗಿ ಹಿಗ್ಗಿಸುವುದು ನ್ಯಾಯವಲ್ಲ.

ಮೂರನೆಯ ವರ್ಗದ ಮಾತನ್ನು ಸಭೆಗಳಲ್ಲಿ ಕೇಳುವುದೇ ಅಪರೂಪ. ಪದವಿ ಪಡೆದ ಹೆಣ್ಣುಮಕ್ಕಳ ನಿರೀಕ್ಷೆಗೆ ಮನೆಯವರು ಮದುವೆಯೆಂಬ ಗಡುವನ್ನು ತಾವೇ ಹಾಕಿಬಿಡುತ್ತಾರೆ. ಅಣ್ಣನು ನಾಲ್ಕು ವರ್ಷ ಪರೀಕ್ಷೆ ಬರೆದರೆ ಅದು ಪ್ರಯತ್ನ. ತಂಗಿ ಎರಡನೆಯ ಬಾರಿ ಬರೆಯುತ್ತೇನೆಂದರೆ ಅದು ಹಟ. ತರಗತಿಯಲ್ಲಿ ಮೊದಲ ಸಾಲಿನಲ್ಲಿದ್ದವಳು ಐದು ವರ್ಷಗಳ ಮೇಲೆ ತನ್ನ ಅಂಕಪಟ್ಟಿಯನ್ನು ಬೀರುವಿನ ಸೀರೆಗಳಡಿಯಲ್ಲಿ ಇಟ್ಟಿರುತ್ತಾಳೆ. ಅವಳು ಯಾವ ಕಚೇರಿಗೂ ಅರ್ಜಿ ಹಾಕದಿರುವುದರಿಂದ ನಿರುದ್ಯೋಗಿಗಳ ಎಣಿಕೆಗೂ ಸೇರುವುದಿಲ್ಲ. ಇಂತಹ ನಷ್ಟವನ್ನು ನಾವು ನಷ್ಟವೆಂದೇ ತಿಳಿಯದಿರುವುದು ಎಲ್ಲಕ್ಕಿಂತಲೂ ದೊಡ್ಡ ನಷ್ಟ.

ಇನ್ನು ಹಿಂದಿನವರ ಉದಾಹರಣೆಗಳು. ಕುವೆಂಪು ಅವರು ೧೯೨೯ರಲ್ಲಿ ಎಂ.ಎ. ಮುಗಿಸಿ ಅದೇ ವರ್ಷ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು; ೧೯೫೬ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಮೆಟ್ಟಿಲಿನ ಮೇಲೆ ಮೆಟ್ಟಿಲು ಸರಿಯಾಗಿ ಕೂಡಿಬಂದ ಬಾಳು. ಅದೇ ಕಾಲೇಜಿನಿಂದ ೧೯೩೦ರಲ್ಲಿ ಬಿ.ಎ. ಆಗಿ ಹೊರಬಂದ ಆರ್. ಕೆ. ನಾರಾಯಣ್ ಅವರ ದಾರಿ ಬೇರೆ. ಅವರು ನಡುವೆ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ವರ್ಷ ಕಳೆದುಕೊಂಡವರು. ದೊರೆತ ಉಪಾಧ್ಯಾಯ ವೃತ್ತಿಯನ್ನು ಕೆಲವೇ ದಿನಗಳಲ್ಲಿ ಬಿಟ್ಟುಬಂದವರು. ಅವರ ಮೊದಲ ಕಾದಂಬರಿಯ ಹಸ್ತಪ್ರತಿ ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆದು ಹಿಂದಿರುಗುತ್ತಿತ್ತು. ಕೊನೆಗೆ ಅದನ್ನು ಥೇಮ್ಸ್ ನದಿಗೆ ಎಸೆದುಬಿಡೆಂದು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದರಂತೆ. ಗೆಳೆಯನು ಎಸೆಯಲಿಲ್ಲ, ಗ್ರಹಾಂ ಗ್ರೀನ್ ಅವರಿಗೆ ತೋರಿಸಿದನು. ೧೯೩೫ರಲ್ಲಿ "ಸ್ವಾಮಿ ಅಂಡ್ ಫ್ರೆಂಡ್ಸ್" ಅಚ್ಚಾಯಿತು.

ಈ ಕಥೆಯನ್ನು ಹೇಳಿ ಕಾಯುವವರಿಗೆಲ್ಲ ಸಮಾಧಾನ ಹೇಳುವುದು ಸುಲಭ. ಆದರೆ ಅದು ಸತ್ಯವಾದ ಸಮಾಧಾನವಲ್ಲ. ಕಾಯ್ದವರೆಲ್ಲರೂ ನಾರಾಯಣ್ ಆಗುವುದಿಲ್ಲ. ಅವರಿಗೆ ಮುಖ್ಯೋಪಾಧ್ಯಾಯರಾಗಿದ್ದ ತಂದೆಯ ಮನೆಯ ಆಸರೆಯಿತ್ತು. ಸಾಲ ಮಾಡಿ ಓದಿದ ರೈತನ ಮಗನಿಗೆ ಅದಿಲ್ಲ. ನಾವು ಗಮನಿಸಬೇಕಾದುದು ಬೇರೊಂದು ಅಂಶವನ್ನು. ಆ ಐದು ವರ್ಷಗಳು ಅವರಿಗೆ ಬರಿಯ ಕಾಯುವಿಕೆಯಾಗಿರಲಿಲ್ಲ, ಕೆಲಸವಾಗಿದ್ದವು. ಹೊರಗಿನವರ ಕಣ್ಣಿಗೆ ಎರಡೂ ಒಂದೇ ಆಗಿ ಕಾಣುವುದು ಸಹಜ. ಒಳಗಿರುವವನಿಗೆ ಮಾತ್ರ ಅವೆರಡರ ಭೇದ ಗೊತ್ತಿರಬೇಕು.

ಆದುದರಿಂದ ತರುಣರಿಗೆ ನಮ್ಮ ಸಲಹೆ ಇಷ್ಟೆ. ಒಂದನೆಯದು, ಕಾಯುವುದಕ್ಕೆ ಒಂದು ಗಡುವನ್ನು ನೀವೇ ಹಾಕಿಕೊಳ್ಳಿರಿ. ಅದನ್ನು ಕಾಗದದ ಮೇಲೆ ಬರೆಯಿರಿ, ಮನೆಯವರಿಗೂ ತೋರಿಸಿರಿ. ಇಷ್ಟು ಬಾರಿ ಪರೀಕ್ಷೆ, ಆಮೇಲೆ ಬೇರೆ ದಾರಿ, ಎಂದು ಮೊದಲೇ ಗೊತ್ತಾಗಿದ್ದರೆ ದಾರಿ ಬದಲಿಸುವುದು ಸೋಲಾಗದು. ಎರಡನೆಯದು, ಕಾಯುತ್ತಿರುವಾಗಲೂ ವಾರದಲ್ಲಿ ಕೆಲವು ಗಂಟೆಗಳಾದರೂ ನಾಲ್ಕು ಕಾಸು ತರುವ ಒಂದು ಕೆಲಸವನ್ನು ಇಟ್ಟುಕೊಳ್ಳಿರಿ. ಹಣಕ್ಕಿಂತಲೂ ಹೆಚ್ಚಾಗಿ ಅದು ಮನಸ್ಸಿಗೆ ಊರುಗೋಲಾಗುವುದು. ಮೂರನೆಯದು, ಗೆಳೆಯರಿಂದ ತಪ್ಪಿಸಿಕೊಂಡು ತಿರುಗಬೇಡಿರಿ. ಜೊತೆಯವನು ಮುಂದೆ ಹೋದನೆಂದು ನಾಚಿ ಒಂಟಿಯಾದವನಿಗೆ ಕೆಲಸದ ಸುದ್ದಿಯೂ ಮುಟ್ಟುವುದಿಲ್ಲ, ಧೈರ್ಯದ ಮಾತೂ ಮುಟ್ಟುವುದಿಲ್ಲ.

ತಾಯಿತಂದೆಗಳಲ್ಲಿ ಒಂದು ಬಿನ್ನಹ. ನಿಮ್ಮ ಚಿಂತೆ ನ್ಯಾಯವಾದುದೇ. ಆದರೆ ನೆಂಟರ ಮುಂದೆ ಆ ಪ್ರಶ್ನೆಯನ್ನು ಎತ್ತಬೇಡಿರಿ. ಮನೆಯೊಳಗೆ ನೇರವಾಗಿ ಕೇಳಿರಿ, ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿರಿ. ಮಗನಿಗೆ ಎಷ್ಟು ಕಾಲ ಕೊಡುವಿರೋ ಮಗಳಿಗೂ ಅಷ್ಟೇ ಕಾಲ ಕೊಡಿರಿ.

ಕಡೆಯ ಮಾತು ನಮ್ಮಂತಹ ಅಧ್ಯಾಪಕರಿಗೆ ಸೇರಿದುದು. ಎಷ್ಟು ಮಂದಿ ಪ್ರವೇಶ ಪಡೆದರು, ಎಷ್ಟು ಮಂದಿ ತೇರ್ಗಡೆಯಾದರು ಎಂಬ ಲೆಕ್ಕ ಪ್ರತಿಯೊಂದು ಕಾಲೇಜಿನಲ್ಲಿಯೂ ಸಿಗುತ್ತದೆ. ಐದು ವರ್ಷಗಳ ತರುವಾಯ ಅವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದಕ್ಕೂ ಒಂದು ದಾಖಲೆ ಇರಬೇಕು. ಅದರಲ್ಲಿ ದೊಡ್ಡ ಹುದ್ದೆಯವರ ಹೆಸರುಗಳಷ್ಟೇ ಇರಬಾರದು. ಅಂಗಡಿಯಿಟ್ಟವನು, ಹೊಲಕ್ಕೆ ಮರಳಿದವನು, ಇನ್ನೂ ಪರೀಕ್ಷೆ ಬರೆಯುತ್ತಿರುವವಳು, ಎಲ್ಲರೂ ಇರಬೇಕು. ಮುಂದಿನ ವರ್ಷದ ವಿದ್ಯಾರ್ಥಿಗೆ ಅದನ್ನು ಓದಿ ಹೇಳಬೇಕು. ಬಾಳು ಇಷ್ಟು ಬಗೆಯಾಗಿ ನಡೆಯುವುದುಂಟೆಂದು ಮೊದಲೇ ತಿಳಿದವನು ತನ್ನ ಸರದಿ ಬಂದಾಗ ತಾನೊಬ್ಬನೇ ಹಿಂದುಳಿದೆನೆಂದು ಎದೆಗೆಡುವುದಿಲ್ಲ. ಇದಕ್ಕೆ ಹೊಸ ಕಾನೂನು ಬೇಡ, ಹೆಚ್ಚಿನ ಅನುದಾನವೂ ಬೇಡ. ಒಂದು ದಪ್ಪ ಪುಸ್ತಕವೂ ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳಿಗೆ ಬರೆಯುವ ಸಹನೆಯೂ ಇದ್ದರೆ ಸಾಕು.