ಆಕಾಶದ ಸಣ್ಣ ಕಲ್ಲುಗಳೂ ಜೀವದ ಪ್ರಶ್ನೆಯೂ



ಆಕಾಶವನ್ನು ನೋಡುವವನ ದೃಷ್ಟಿಯು ಸೂರ್ಯ, ಚಂದ್ರ, ಗುರು, ಶುಕ್ರ ಮೊದಲಾದ ತೇಜಸ್ವಿಗಳ ಕಡೆಗೆ ಮೊದಲು ಹರಿಯುವುದು ಸಹಜವಾಗಿದೆ. ಆದರೆ ಭೂಮಿಯ ಹೊರಗೆ ಜೀವವುಂಟೇ ಎಂಬ ಪುರಾತನವಾದ ಪ್ರಶ್ನೆಗೆ ಅತ್ಯಂತ ಬೆಲೆಯುಳ್ಳ ಸಾಕ್ಷ್ಯಗಳಲ್ಲಿ ಕೆಲವು, ಬರಿಗಣ್ಣಿಗೆ ಕಾಣಿಸದ ಸಣ್ಣ ಕಲ್ಲುಗಳಿಂದಲೇ ದೊರೆತಿವೆ.

1801ನೆಯ ಇಸವಿ ಜನವರಿ 1ನೆಯ ತಾರೀಖಿನ ರಾತ್ರಿ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಪಿಯಾಟ್ಸಿ ಎಂಬ ಪಾದ್ರಿಯು ಸೀರಿಸ್ ಎಂಬ ಕ್ಷುದ್ರಗ್ರಹವನ್ನು ಮೊದಲು ಕಂಡನು. ಮಂಗಳ ಗುರುಗಳ ನಡುವೆ ಸುತ್ತುವ ಈ ಗೋಲದ ಅಡ್ಡಳತೆಯು ಸುಮಾರು 940 ಕಿಲೋಮೀಟರು. ಅಲ್ಲಿಂದೀಚೆಗೆ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಕ್ಷುದ್ರಗ್ರಹಗಳು ಪಟ್ಟಿಗೆ ಸೇರಿವೆ. ಆ ನಡುವಣ ಪಟ್ಟೆಯಲ್ಲಿರುವುವನ್ನೆಲ್ಲ ಒಟ್ಟುಗೂಡಿಸಿದರೂ ಚಂದ್ರನ ತೂಕದ ಇಪ್ಪತ್ತರಲ್ಲಿ ಒಂದು ಪಾಲೂ ಆಗದು. ಹಾಗಾದರೆ ಇವುಗಳಿಗೆ ಇಷ್ಟು ಮಹತ್ತ್ವವೇಕೆ? ಕಟ್ಟಡವು ಮುಗಿದ ಮೇಲೆ ಗಾರೆಯೊಳಗೆ ಏನೇನು ಸೇರಿತ್ತೆಂಬುದು ಗೋಡೆಯನ್ನು ನೋಡಿದರೆ ತಿಳಿಯದು. ಅಂಗಳದಲ್ಲಿ ಉಳಿದ ಮರಳು, ಸುಣ್ಣ, ಕಲ್ಲುಚೂರುಗಳನ್ನು ನೋಡಿದರೆ ತಿಳಿಯುವುದು. ಭೂಮಿಯು ಹುಟ್ಟಿದಾಗ ಕಾದು ಕರಗಿ, ತನ್ನ ಮೂಲದ್ರವ್ಯದ ಗುರುತನ್ನು ಅಳಿಸಿಕೊಂಡಿತು. ಸಣ್ಣ ಕಲ್ಲುಗಳಲ್ಲಿ ಎಷ್ಟೋ ಹಾಗೆ ಕರಗದೆ, ಸುಮಾರು 456 ಕೋಟಿ ವರ್ಷಗಳ ಹಿಂದಿನ ದ್ರವ್ಯವನ್ನು ಇಂದಿಗೂ ಕಾಪಾಡಿಕೊಂಡಿವೆ.

1969ನೆಯ ಇಸವಿ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ಊರಿನ ಬಳಿ ಉಲ್ಕಾಶಿಲೆಗಳು ಬಿದ್ದವು. ಅವುಗಳನ್ನು ಪರೀಕ್ಷಿಸಲಾಗಿ, 70ಕ್ಕೂ ಹೆಚ್ಚು ಬಗೆಯ ಅಮೈನೋ ಆಮ್ಲಗಳು ಕಂಡುಬಂದವು. ಜೀವಿಗಳ ಶರೀರದ ಪ್ರೋಟೀನುಗಳು ಇಂಥ ಆಮ್ಲಗಳಲ್ಲಿ 20ರ ಜೋಡಣೆಯಿಂದಲೇ ಆಗುವುವು. ಆದರೆ ಇವು ಕಲ್ಲನ್ನು ಮುಟ್ಟಿದವರ ಬೆರಳಿನಿಂದ ಅಂಟಿರಲಾರವೇ ಎಂಬ ಸಂಶಯವು ಹುಟ್ಟುವುದು ನ್ಯಾಯವೇ. ಅದರ ಪರೀಕ್ಷೆಯು ಹೀಗೆ: ಎಡಗಾಲಿನ ಪಾದರಕ್ಷೆಯೂ ಬಲಗಾಲಿನದೂ ನೋಟಕ್ಕೆ ಒಂದೇ ಆದರೂ ಒಂದರ ಸ್ಥಳಕ್ಕೆ ಇನ್ನೊಂದು ಹೊಂದದು. ಅಮೈನೋ ಆಮ್ಲಗಳಲ್ಲಿಯೂ ಹೀಗೆಯೇ ಎಡ ಬಲವೆಂಬ ಎರಡು ರೂಪಗಳುಂಟು. ಭೂಮಿಯ ಜೀವಿಗಳು ತಮ್ಮ ಪ್ರೋಟೀನುಗಳಿಗೆ ಎಡರೂಪವನ್ನೇ ಬಳಸುವುವು. ಮರ್ಚಿಸನ್ ಶಿಲೆಯಲ್ಲಿಯಾದರೋ ಅನೇಕ ಆಮ್ಲಗಳು ಎರಡು ರೂಪಗಳಲ್ಲಿಯೂ ಸರಿಸುಮಾರಾಗಿ ಸಮನಾಗಿದ್ದವು. ಭೂಮಿಯ ಜೀವಿಗಳಲ್ಲಿ ಕಾಣದ ಜಾತಿಗಳೂ ಇದ್ದವು. ಆದುದರಿಂದ ಅವು ಆಕಾಶದಿಂದಲೇ ಬಂದವು, ಆದರೆ ಜೀವವು ನಿರ್ಮಿಸಿದವಲ್ಲ ಎಂಬ ನಿರ್ಣಯವಾಯಿತು.

ಇಂಥ ಎಚ್ಚರಿಕೆಯು ಏಕೆ ಬೇಕೆಂಬುದಕ್ಕೆ ಹಳೆಯ ದೃಷ್ಟಾಂತವೊಂದುಂಟು. 1864ನೆಯ ಇಸವಿ ಮೇ 14ರಂದು ಫ್ರಾನ್ಸ್ ದೇಶದ ಓರ್ಗೈ ಗ್ರಾಮದ ಬಳಿ ಉಲ್ಕಾಶಿಲೆಗಳು ಬಿದ್ದವು. ಜಡದಿಂದ ಜೀವವು ತಾನಾಗಿ ಹುಟ್ಟುವುದೇ ಎಂಬ ವಿಷಯವಾಗಿ ಪಾಸ್ತರ್ ಪಂಡಿತನು ಪ್ಯಾರಿಸಿನಲ್ಲಿ ಪ್ರಸಿದ್ಧವಾದ ಉಪನ್ಯಾಸವನ್ನು ಮಾಡಿ ಆಗ ಕೆಲವು ವಾರಗಳಷ್ಟೇ ಆಗಿದ್ದವು. ಆ ಶಿಲೆಯ ಒಂದು ತುಂಡು ಗಾಜಿನ ಭರಣಿಯಲ್ಲಿ ಮುಚ್ಚಲ್ಪಟ್ಟು ನೂರು ವರ್ಷಗಳ ಕಾಲ ಹಾಗೆಯೇ ಇದ್ದಿತು. 1964ರಲ್ಲಿ ಅದರ ಪರೀಕ್ಷೆಯ ಫಲವು ಪ್ರಕಟವಾದಾಗ ಒಳಗೆ ಜೊಂಡಿನ ಬೀಜ, ಕಲ್ಲಿದ್ದಲಿನ ಚೂರು, ಅಂಟು ಇವು ಸಿಕ್ಕಿದ ಸಂಗತಿಯು ಲೋಕಕ್ಕೆ ತಿಳಿಯಿತು! ಯಾರೋ ಕಲ್ಲನ್ನು ಒದ್ದೆಮಾಡಿ, ಬೀಜವನ್ನು ಹುದುಗಿಸಿ, ಮೇಲೆ ಅಂಟು ಸವರಿದ್ದರು.

ಕಲ್ಲು ಭೂಮಿಗೆ ಬಿದ್ದ ಮೇಲೆ ಮಲಿನವಾಗುವುದರಿಂದ, ಅದು ಇದ್ದಲ್ಲಿಗೇ ಹೋಗಿ ತರುವ ಸಾಹಸವು ನಡೆಯಿತು. ಜಪಾನಿನ ಹಯಬುಸಾ-2 ನೌಕೆಯು ರ್‍ಯೂಗು ಎಂಬ ಕ್ಷುದ್ರಗ್ರಹದಿಂದ ಸುಮಾರು 5.4 ಗ್ರಾಂ ದ್ರವ್ಯವನ್ನು 2020ರ ಡಿಸೆಂಬರಿನಲ್ಲಿ ತಂದೊಪ್ಪಿಸಿತು. ಅಮೆರಿಕದ ಒಸೈರಿಸ್-ರೆಕ್ಸ್ ನೌಕೆಯು ಬೆನ್ನೂ ಎಂಬುದರಿಂದ ತಂದ 121.6 ಗ್ರಾಂ 2023ನೆಯ ಸೆಪ್ಟೆಂಬರ್ 24ರಂದು ಭೂಮಿಯನ್ನು ಸೇರಿತು. 2025ರ ಜನವರಿಯಲ್ಲಿ ಪ್ರಕಟವಾದ ಪರೀಕ್ಷಾಫಲದಂತೆ, ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿದ್ದವು. ವಂಶಗುಣವನ್ನು ಹೊತ್ತು ನಡೆಯುವ ಐದು ಮೂಲಾಕ್ಷರ ದ್ರವ್ಯಗಳೂ, ಉಪ್ಪುನೀರು ಆರಿಹೋದ ಮೇಲೆ ಉಳಿದ ಲವಣಗಳೂ ಇದ್ದವು. ಆದರೆ ಎಡ ಬಲಗಳು ಇಲ್ಲಿಯೂ ಸಮವಾಗಿಯೇ ಇದ್ದವು.

ಉಗ್ರಾಣದಲ್ಲಿ ಅಕ್ಕಿ, ಬೇಳೆ, ಉಪ್ಪು ತುಂಬಿದ ಮಾತ್ರಕ್ಕೆ ದಾಸೋಹದ ಪಂಕ್ತಿಗೆ ಅನ್ನವು ಬಂದಂತಾಗದು. ನೀರು ಬೇಕು, ಉರಿ ಬೇಕು, ಹೊತ್ತು ಬೇಕು. ಸಾಮಗ್ರಿಯು ಆಕಾಶದಲ್ಲಿ ಹೇರಳವಾಗಿದೆಯೆಂಬುದು ಈಗ ಸಿದ್ಧವಾಗಿದೆ. ಅಡಿಗೆಯು ಬೇರೆಲ್ಲಿಯಾದರೂ ಆಗಿದೆಯೇ ಎಂಬುದು ಸಿದ್ಧವಾಗಿಲ್ಲ. ನೀರೂ ಉರಿಯೂ ಇಂದಿಗೂ ಕೂಡಿರುವ ಸ್ಥಳವೊಂದು ಶನಿಯ ಪರಿವಾರದಲ್ಲಿದೆ. ಅದು ಎನ್ಸೆಲಡಸ್ ಎಂಬ, ಸುಮಾರು 500 ಕಿಲೋಮೀಟರು ಅಡ್ಡಳತೆಯ ಪುಟ್ಟ ಉಪಗ್ರಹ. ಅದರ ಹಿಮದ ಬಿರುಕುಗಳಿಂದ ನೀರಿನ ಚಿಲುಮೆಗಳು ಚಿಮ್ಮುವುದನ್ನು ಕಸೀನಿ ನೌಕೆಯು 2005ರಲ್ಲಿ ಕಂಡಿತು. ಆ ನೌಕೆಯು ಕೂಡಿಸಿದ ಮಾಹಿತಿಯಿಂದ 2017ರಲ್ಲಿ ಜಲಜನಕವೂ, 2023ರಲ್ಲಿ ರಂಜಕದ ಲವಣಗಳೂ ಅಲ್ಲಿರುವುದು ತಿಳಿದುಬಂದಿತು. ಅಲ್ಲಿ ಜೀವವು ಇರಬಹುದೆಂಬ ಆಶೆಗೆ ಆಧಾರವುಂಟು. ಇದೆಯೆಂಬ ಮಾತಿಗೆ ಆಧಾರವಿನ್ನೂ ಇಲ್ಲ.

2024ರಲ್ಲಿ ರ್‍ಯೂಗುವಿನ ಒಂದು ಕಣದ ಮೇಲೆ ಸೂಕ್ಷ್ಮಜೀವಿಗಳೇ ಕಾಣಿಸಿಕೊಂಡವು. ಲೋಕವನ್ನೇ ಬೆರಗುಗೊಳಿಸಬಹುದಾಗಿದ್ದ ವಾರ್ತೆಯದು! ಆದರೆ ಅದನ್ನು ಪರೀಕ್ಷಿಸಿದವರು ಆತುರಪಡಲಿಲ್ಲ. ದಿನಗಳು ಕಳೆದಂತೆ ಅವುಗಳ ಸಂಖ್ಯೆಯು ಹೆಚ್ಚಿ ಮತ್ತೆ ಇಳಿದುದನ್ನು ಎಣಿಸಿ ನೋಡಿ, ಅವು ಭೂಮಿಯಿಂದಲೇ ಅಂಟಿದವೆಂದು ತಾವೇ ಸಾರಿದರು. ಕೀರ್ತಿಯು ಕೈಗೆಟಕಿದ್ದಾಗಲೂ ಸತ್ಯವನ್ನು ಬಿಡದಿರುವುದು ಸಾಮಾನ್ಯವಾದ ಸಂಯಮವಲ್ಲ.

ಬೆನ್ನೂವಿನಿಂದ ಬಂದ ದ್ರವ್ಯದ ಬಹುಭಾಗವನ್ನು ಇಂದಿನವರು ತಾವು ಮುಟ್ಟದೆ ಮುಂದಿನ ಪೀಳಿಗೆಯವರಿಗಾಗಿ ಕಾದಿರಿಸಿದ್ದಾರೆ. ಇಂದಿಲ್ಲದ ಉಪಕರಣಗಳು ಅವರಿಗಿರುವುವು, ಇಂದು ಹೊಳೆಯದ ಪ್ರಶ್ನೆಗಳು ಅವರಿಗೆ ಹೊಳೆಯುವುವು. ಓರ್ಗೈ ಶಿಲೆಯ ಭರಣಿಯೊಳಗೆ ವಂಚನೆಯು ನೂರು ವರ್ಷ ಅಡಗಿ ಕುಳಿತಿದ್ದಿತು. ಈ ಭರಣಿಗಳೊಳಗೆ ಇನ್ನೂ ಹುಟ್ಟದವರಲ್ಲಿ ಇಟ್ಟ ನಂಬಿಕೆಯು ಕಾದಿರುವುದು.