ಅಂಚು ಮಾಯವಾಗುವ ಚೌಕ

ದಿನಪತ್ರಿಕೆಯ ಬಣ್ಣದ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದ್ದೀರಾ, ಮಕ್ಕಳೇ? ಕಾಣುವುದು ಬರೀ ಚುಕ್ಕಿಗಳು! ತಿಳಿನೀಲಿಯಂಥ ಸಯಾನ್, ಕಡುಗುಲಾಬಿಯಂಥ ಮಜೆಂಟಾ, ಹಳದಿ, ಕಪ್ಪು – ಇಷ್ಟೇ. ಮನೆಯ ಕಲರ್ ಪ್ರಿಂಟರ್ ಮಾಡುವುದೂ ಇದನ್ನೇ. ಚುಕ್ಕಿಗಳು ಕಾಗದವನ್ನು ಹೆಚ್ಚು ಮುಚ್ಚಿದರೆ ಬಣ್ಣ ಗಾಢ, ಕಡಿಮೆ ಮುಚ್ಚಿದರೆ ತಿಳಿ.

ಆದರೆ ಇಂಕು ಬಿದ್ದಲ್ಲೇ ನಿಲ್ಲುವುದಿಲ್ಲ, ಕಾಗದದಲ್ಲಿ ಕೊಂಚ ಹರಡುತ್ತದೆ. ಒಂದು ಲೆಕ್ಕ ಮಾಡೋಣ. 1 ಮಿಲಿಮೀಟರ್ ಬದಿಯ ಚೌಕವೊಂದು ನಾಲ್ಕೂ ಕಡೆ 0.05 ಮಿಲಿಮೀಟರ್ ಹರಡಿತು ಎನ್ನಿ. ಬದಿ 1.1 ಆಯಿತು, ವಿಸ್ತೀರ್ಣ 1.21. ಅಂದರೆ ಶೇ. 21ರಷ್ಟು ಹೆಚ್ಚು! ಅಷ್ಟೇ ಹರಡಿದ 10 ಮಿಲಿಮೀಟರ್ ಚೌಕ ಬೆಳೆಯುವುದು ಶೇ. 2ರಷ್ಟು ಮಾತ್ರ. ಚುಕ್ಕಿ ಸಣ್ಣದಾದಷ್ಟೂ ಏರುಪೇರು ಜಾಸ್ತಿ. ಪ್ರಿಂಟರಿನ ಚುಕ್ಕಿಗಳಂತೂ ಇದಕ್ಕಿಂತ ಎಷ್ಟೋ ಚಿಕ್ಕವು. ಹಾಗಾಗಿ ಚಿತ್ರ ಅಂದುಕೊಂಡದ್ದಕ್ಕಿಂತ ಕಪ್ಪಾಗಿ ಬಂದುಬಿಡುತ್ತದೆ.

ಇದನ್ನು ಅಳೆಯಲು ಮುದ್ರಣಾಲಯಗಳಲ್ಲಿ ಡೆನ್ಸಿಟೋಮೀಟರ್ ಎಂಬ ಉಪಕರಣವಿದೆ. ಅದಿಲ್ಲದಿದ್ದರೆ ಕಣ್ಣೇ ಸಾಕು. ಕಾಗದದ ಮೇಲೆ ಸಮ ಅಗಲದ ಕಪ್ಪು ಬಿಳಿ ಗೆರೆಗಳ ಪಟ್ಟಿಯೊಂದನ್ನು ಮುದ್ರಿಸುತ್ತಾರೆ. ಗೆರೆ ದಪ್ಪವಿರುವುದರಿಂದ ಇಂಕು ಹರಡಿದರೂ ಪಟ್ಟಿ ಹೆಚ್ಚುಕಡಿಮೆ ಅರ್ಧ ಕಪ್ಪಾಗಿಯೇ ಉಳಿಯುತ್ತದೆ. ಪಟ್ಟಿಗೆ ಅಂಟಿದಂತೆ, ಸಣ್ಣ ಚುಕ್ಕಿಗಳ ಚೌಕಗಳು: ಚುಕ್ಕಿ ತುಂಬುವ ಜಾಗ ಶೇ. 30, 35, 40 ಹೀಗೆ. ಹಾಳೆಯನ್ನು ಗೋಡೆಗೆ ಅಂಟಿಸಿ, ಗೆರೆಗಳೆಲ್ಲ ಬೆರೆತು ಬೂದುಬಣ್ಣವಾಗುವವರೆಗೆ ಹಿಂದೆ ಸರಿಯಿರಿ. ಕಣ್ಣನ್ನು ಅರೆ ಮುಚ್ಚಿ. ಒಂದು ಚೌಕದ ಅಂಚು ಪಟ್ಟಿಯೊಳಗೆ ಮಾಯವಾಗುತ್ತದೆ. ಅದು 35ರ ಚೌಕವೇ? ಹಾಗಾದರೆ ಅರ್ಧ ಕಪ್ಪು ಬೇಕಾದಾಗಲೆಲ್ಲ ಶೇ. 35ರಷ್ಟೇ ಚುಕ್ಕಿ ಹಾಕು ಎಂದು ಪ್ರಿಂಟರಿಗೆ ತಿಳಿಸಬೇಕು.

ಚೌಕಗಳನ್ನು ಪಟ್ಟಿಗೆ ಅಂಟಿಸಿಯೇ ಏಕೆ ಇಡಬೇಕು? ಒಂದೇ ಬೂದುಬಣ್ಣ ಕಪ್ಪಿನ ನಡುವೆ ತಿಳಿಯಾಗಿ, ಬಿಳಿಯ ನಡುವೆ ಗಾಢವಾಗಿ ಕಾಣುತ್ತದೆ. ಹೀಗಾಗಿ ಒಂಟಿ ಬಣ್ಣವನ್ನು ನೋಡಿ ಇಷ್ಟೇ ಗಾಢ ಎಂದು ಹೇಳುವುದು ಕಣ್ಣಿಗೆ ಕಷ್ಟ. ಎರಡು ಬಣ್ಣ ತಾಗಿಕೊಂಡಿದ್ದರೆ ಮಾತ್ರ ಎಳ್ಳಷ್ಟು ವ್ಯತ್ಯಾಸವನ್ನೂ ಅದು ಹಿಡಿದುಬಿಡುತ್ತದೆ. ಕಣ್ಣಿನ ಈ ಜಾಣತನ ನನಗೆ ಬಹಳ ಇಷ್ಟ.

ಈ ಪರೀಕ್ಷೆಯನ್ನು ಉಳಿದ ಬಣ್ಣಗಳಿಗೂ ಒಂದೊಂದಾಗಿ ಮಾಡಬೇಕು. ಹಳದಿಯ ಸರದಿ ಬಂದಾಗ ಸ್ವಲ್ಪ ಪೇಚಾಟ. ಬಿಳಿ ಹಾಳೆಯ ಮೇಲೆ ಅದರ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ನೀಲಿ ಜಿಲೇಟಿನ್ ಕಾಗದ ಹಿಡಿದು ನೋಡಿ. ಹಳದಿ ಇಂಕು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಚುಕ್ಕಿಗಳು ಕಪ್ಪಗೆ ಎದ್ದು ಕಾಣುತ್ತವೆ.

ನೀವೂ ಮಾಡಿ ನೋಡಿ. ಇಂಕು ಪೂರ್ತಿ ಒಣಗಲಿ, ಹಗಲು ಬೆಳಕಿರಲಿ. ಕಾಗದ ಬದಲಾದರೆ ಇಂಕು ಹರಡುವ ರೀತಿಯೂ ಬದಲಾಗುತ್ತದೆ. ಆಗ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು.